ನೆಟ್ಟಗಿದ್ದ ಗೋಡೆ

ಬಚ್ಚಲಮನೆಯ ಕಿಟಕಿಗೆ ಐದು ಸರಳು. ನಡುವಿನದು ಇವತ್ತೂ ಬಾಗಿತ್ತು. ಚಿಕ್ಕಹನುಮಂತಪ್ಪ ಬಾಯಲ್ಲಿದ್ದ ಬೇವಿನ ಕಡ್ಡಿಯನ್ನು ದವಡೆಗೆ ಸರಿಸಿ ಅದನ್ನೇ ನೋಡುತ್ತ ನಿಂತ. ಮೇಲೆ ನೆಟ್ಟಗೆ ಹೊರಟ ಸರಳು ಕೆಳಗೂ ನೆಟ್ಟಗೇ ಇಳಿದಿತ್ತು. ನಡುವೆ ಮಾತ್ರ, ನೀರು ಕುಡಿದ ಮರದ ಬಾಗಿಲಿನ ಹಾಗೆ, ಒಂದು ಪಕ್ಕಕ್ಕೆ ಉಬ್ಬಿಕೊಂಡಿತ್ತು. ಪಕ್ಕದ ಸರಳಿಗೆ ಕಣ್ಣು ಹಾಯಿಸಿದ. ಈಗ ಅದು ಬಾಗಿತು, ಮೊದಲಿನದು ನೆಟ್ಟಗಾಯಿತು. ಮತ್ತೆ ಮೊದಲಿನದಕ್ಕೆ ಬಂದ. ಅದು ಇವನಿಗಾಗಿಯೇ ಕಾದಿದ್ದಂತೆ ಬಾಗಿತು. ಎಡಗಣ್ಣಿನಿಂದ ನೋಡೋಣವೆಂದರೆ ಆ ಕಣ್ಣಿಗೆ ಪೊರೆ ಬಲಿತು ಎರಡು ವರ್ಷವಾಗಿತ್ತು. ಕಿಟಕಿ ಇದೆ, ಬೆಳಕು ಬರುತ್ತಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಕೊನೆಗೆ ತೋರುಬೆರಳನ್ನು ಸರಳಿನ ತಲೆಗಿಟ್ಟು ಬುಡದವರೆಗೂ ಸವರಿದ. ಬೆರಳಿಗೆ ಎಲ್ಲೂ ಬಾಗು ಸಿಗಲಿಲ್ಲ. ಮೂವತ್ತೆಂಟು ವರ್ಷ ಸಿಮೆಂಟು ತಿಂದ ಬೆರಳು, ಅದಕ್ಕೇನು ತಿಳಿಯುತ್ತದೆ ಮಣ್ಣು ಎಂದು ಬೈದುಕೊಂಡು ಬಾಯಿ ಮುಕ್ಕಳಿಸಿದ. ಬೈದುಕೊಂಡದ್ದರಿಂದ ಸಮಾಧಾನವೇನೂ ಆಗಲಿಲ್ಲ. 

ಗಾದ್ರಮ್ಮ ಸಕ್ಕರೆಯಿಲ್ಲದ ಚಹಾದ ಲೋಟವನ್ನು ಕಟ್ಟೆಯ ಮೇಲಿಟ್ಟು ಮಾತಿಲ್ಲದೆ ಒಳಗೆ ಹೋದಳು. ಇದು ಅವಳ ರೀತಿಯಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಚಹಾದ ಜೊತೆಗೆ ಕೇರಿಯ ಸಮಾಚಾರ ಬಾರದ ಬೆಳಗು ಇರಲಿಲ್ಲ. ಡಾಕ್ಟರು ಸಕ್ಕರೆ ಬಿಡಿಸಿದ ಮೇಲೆ ಆ ಸಪ್ಪೆ ನೀರನ್ನು ಅವಳ ಮಾತು ನಂಜಿಕೊಂಡೇ ಅವನು ಕುಡಿಯುತ್ತಿದ್ದದ್ದು. ಇವತ್ತು ಎರಡೂ ಸಪ್ಪೆ. ಲೋಟ ಅರ್ಧವಾಗುವವರೆಗೆ ಕಾದ. ಆಮೇಲೆ ಒಳಗಿನಿಂದ ಅವಳ ದನಿ ಬಂತು.

"ಕೆಂಚ ರಾತ್ರಿ ಉಣ್ಣಾಕೆ ಬರಲಿಲ್ಲ."

"ಏನೋ ಕೆಲಸ ಇತ್ತೇನೋ ಬಿಡು."

"ಏನ್ ಕೆಲಸ? ಕಟ್ಟೋ ಕೆಲಸಾನೋ, ಕೆಡವೋ ಕೆಲಸಾನೋ?"

ಅವಳಿಗೆ ಗೊತ್ತಾಗಿತ್ತು. ಗೊತ್ತಾಗದೆ ಏನು? ಚನ್ನಗಿರಿಯಲ್ಲಿ ಒಬ್ಬ ಮೇಸ್ತ್ರಿ ತನ್ನ ಹೆಂಡತಿಯ ಒಡಹುಟ್ಟಿದ ತಮ್ಮನ ಕೈಯಲ್ಲಿ, ಹತ್ತು ಜನರ ಎದುರು, ಕಟ್ಟಿದ ಗೋಡೆಯನ್ನು ಕೆಡವಿಸಿದರೆ ಆ ಸುದ್ದಿ ಮೇಸ್ತ್ರಿಗಿಂತ ಮೊದಲು ಮನೆ ಸೇರುತ್ತದೆ. ಅವಳು ಹೊರಗೆ ಬಂದು ಅವನ ಮುಖವನ್ನು ನೋಡುತ್ತಿರಬೇಕು ಅನ್ನಿಸಿತು. ಅವನು ತಲೆ ಎತ್ತಲಿಲ್ಲ. ಎತ್ತಿದರೂ ಅವಳ ಮುಖ ಸಿಗುವುದಿಲ್ಲವೆಂದು ನಾಲ್ಕು ದಿನದಿಂದ ಅವನಿಗೆ ಗೊತ್ತಿತ್ತು. ಕಿವಿ ಕಾಣುತ್ತಿತ್ತು, ತುರುಬು ಕಾಣುತ್ತಿತ್ತು, ಹಣೆಯ ಮೇಲಿನ ಕುಂಕುಮ ಇರಬೇಕಾದ ಜಾಗದಲ್ಲಿ ಮಾತ್ರ ಒದ್ದೆ ಕೈಯಿಂದ ಒರೆಸಿದಂಥ ಕಲೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದರೆ ಅದು ಇನ್ನೂ ಪೂರ್ತಿ ನಿಜವಾಗಿಲ್ಲ ಎಂಬ ಒಂದು ಹುಚ್ಚು ಲೆಕ್ಕ ಅವನಲ್ಲಿತ್ತು.

"ಕಣ್ಣಿಗೆ ಹನಿ ಹಾಕ್ತಾ ಅದಾನಾ ಅವ್ನು, ದಿನಾ ಮಧ್ಯಾಹ್ನ?" ಎಂದಳು.

"ಹೂಂ" ಎಂದ. ಲೋಟ ಇಟ್ಟು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಚಪ್ಪಲಿಯನ್ನು ಕಾಲಿನಿಂದಲೇ ತಡವಿ ಮೆಟ್ಟಿಕೊಂಡು ಹೊರಬಿದ್ದ.

ಹನಿ. ಅದೊಂದು ಮಾತು ಬೇಡವಾಗಿತ್ತು ಬೆಳಿಗ್ಗೆ ಬೆಳಿಗ್ಗೆ. ಏಪ್ರಿಲ್ಲಿನ ಬಿಸಿಲು ಎಂಟು ಗಂಟೆಗೇ ನೆತ್ತಿಗೆ ಬರುತ್ತಿತ್ತು. ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತ, ರಸ್ತೆಯ ಅಂಚಿನ ಬಿಳಿ ಪಟ್ಟಿ ತಾನು ನೋಡಿದ ಕಡೆಯೆಲ್ಲ ಸೊಟ್ಟಗಾಗುವುದನ್ನು ನೋಡಬಾರದೆಂದು ಅಂಗಡಿಗಳ ಬೋರ್ಡುಗಳನ್ನು ನೋಡಿದ. ಬೋರ್ಡಿನ ನಡುವಿನ ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಕಣ್ಣು ಕೆಳಗೆ ಹಾಕಿದ. ಶಿವರಾತ್ರಿಯಾದ ಮರುವಾರ ದಾವಣಗೆರೆಯ ಆಸ್ಪತ್ರೆಯಲ್ಲಿ ಇದೇ ಬಲಗಣ್ಣಿನ ಬಟ್ಟೆ ಬಿಚ್ಚಿದಾಗ ಅವನು ಮೊದಲು ನೋಡಿದ್ದು ದೇವರ ಪಟವನ್ನಲ್ಲ, ಡಾಕ್ಟರನ್ನೂ ಅಲ್ಲ. ತಾರಸಿಯ ಮೂಲೆಯನ್ನು. "ಮೇಡಮ್ಮರೇ, ಆ ಮೂಲೆ ಅರ್ಧ ಇಂಚು ತಪ್ಪೈತಲ್ರಿ, ಯಾರು ಕಟ್ಟಿದ್ದು?" ಎಂದಿದ್ದ. ನರ್ಸ್ ಕಲ್ಪನಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಮಂಚದ ಪಕ್ಕ ನಿಂತಿದ್ದ ಬಾಮೈದ ಕೆಂಚೇಶ್ ನಗಲಿಲ್ಲ; ಭಾವನಿಗೆ ಕಣ್ಣು ಬಂತು ಎಂದು ಅಕ್ಕನಿಗೆ ಫೋನು ಮಾಡಲು ಹೊರಗೆ ಓಡಿದ್ದ.

ಅವನಿಗಲ್ಲದೆ ಇನ್ನಾರಿಗೆ ಗೊತ್ತಿತ್ತು ಆ ಕಣ್ಣಿನ ಬೆಲೆ. ಚಿಕ್ಕಹನುಮಂತಪ್ಪನ ಕಣ್ಣಿಗೆ ಗುಂಡು ಬೇಡ ಎಂಬುದು ಈ ಸೀಮೆಯ ಗಾರೆಯವರಲ್ಲಿ ಒಂದು ಗಾದೆಯೇ ಆಗಿಹೋಗಿತ್ತು. ಬೇರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರದ ತುದಿಗೆ ಹಿತ್ತಾಳೆಯ ಗುಂಡು ಕಟ್ಟಿ ಮೇಲಿನಿಂದ ಇಳಿಬಿಡುತ್ತಿದ್ದರು. ಅವನು ಹತ್ತು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಕಿರಿದು ಮಾಡಿ, "ಮೂರನೇ ವರಸೆ ಒಂದ್ ನೂಲು ಹೊರಗೈತೆ" ಎನ್ನುತ್ತಿದ್ದ. ಗುಂಡು ಇಳಿಬಿಟ್ಟು ನೋಡಿದರೆ ಮೂರನೆಯ ಸಾಲಿನ ಇಟ್ಟಿಗೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಹೊರಗೇ. ಉಬ್ರಾಣಿಯಲ್ಲಿ, ನ್ಯಾಮತಿಯಲ್ಲಿ, ಹೊನ್ನಾಳಿಯ ಹೊಳೆಯ ದಂಡೆಯಲ್ಲಿ ಅವನು ಎಬ್ಬಿಸಿದ ಮನೆಗಳು ಇವತ್ತಿಗೂ ಅವನ ಕಣ್ಣಿನ ಸಾಕ್ಷಿಗೆ ನಿಂತಿದ್ದವು. ಆಮೇಲೆ ಎರಡೂ ಕಣ್ಣಿಗೆ ಪೊರೆ ಬಂತು. ಆ ಎರಡು ವರ್ಷ, ಕೆಂಚೇಶ್ ಯಾರಿಗೂ ಕಾಣದ ಹಾಗೆ ಗುಂಡು ಇಳಿಬಿಟ್ಟು ನೋಡಿ, ಅವನ ಬೆನ್ನ ಹಿಂದೆ ಬಂದು ನಿಂತು, ಬೀಡಿ ಕೇಳುವವನ ಹಾಗೆ ಬಾಗಿ ಪಿಸುಗುಟ್ಟುತ್ತಿದ್ದ: "ಒಂದ್ ನೂಲು ಒಳಕ್ಕೆ ಭಾವ." ಚಿಕ್ಕಹನುಮಂತಪ್ಪ ತಕ್ಷಣ ಇಡೀ ಬಡಾವಣೆಗೆ ಕೇಳುವಂತೆ ಕೂಗುತ್ತಿದ್ದ: "ಏಯ್, ಒಂದ್ ನೂಲು ಒಳಗೈತಲ್ಲೋ, ಕಣ್ ಎಲ್ಲಿಟ್ಟೀರಿ?" ಹೆಸರು ಉಳಿಯಿತು. ಜಗಳೂರಿನಿಂದ ಇಪ್ಪತ್ನಾಲ್ಕರ ಪ್ರಾಯದಲ್ಲಿ ಕೆಲಸ ಕಲಿಯಲು ಬಂದು, ಈಗ ನಲವತ್ತಾಗಿ, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಇಲ್ಲಿ ಬಾಡಿಗೆ ಕೋಣೆಯಲ್ಲಿದ್ದ ಕೆಂಚೇಶ್ ಅದನ್ನು ಒಬ್ಬರ ಹತ್ತಿರವೂ ಆಡಿಕೊಳ್ಳಲಿಲ್ಲ. ಒಂದೇ ಒಂದು ಸಲವಾದರೂ ಆಡಿಕೊಂಡಿದ್ದರೆ ಇವತ್ತು ಎಷ್ಟು ಹಗುರಾಗುತ್ತಿತ್ತು ಎಂದು ಚಿಕ್ಕಹನುಮಂತಪ್ಪನಿಗೆ ಅನ್ನಿಸಿತು. ಸಿಟ್ಟು ಮಾಡಲು ಒಂದು ಕಾರಣವಾದರೂ ಸಿಗುತ್ತಿತ್ತು.

ನಿನ್ನೆ ಸಿಟ್ಟಿಗೆ ಕಾರಣ ಬೇಕಾಗಿರಲಿಲ್ಲ. ಅಡಿಕೆ ವ್ಯಾಪಾರದ ಪ್ರಸನ್ನಕುಮಾರ್ ಕಟ್ಟಿಸುತ್ತಿದ್ದ ಹೊಸ ಮನೆಯ ಕಾಂಪೌಂಡು ಅದು. ಸುಟ್ಟ ಇಟ್ಟಿಗೆಯ ಒಂಬತ್ತಿಂಚಿನ ಗೋಡೆ. ಯುಗಾದಿಯಾದ ವಾರದಲ್ಲಿ ಚಿಕ್ಕಹನುಮಂತಪ್ಪನೇ ಪಾಯದ ಮೇಲೆ ನಾಲ್ಕು ವರಸೆ ಇಟ್ಟಿದ್ದ. ಅಷ್ಟರಲ್ಲಿ ಪಕ್ಕದ ಸೈಟಿನವರು ಹದ್ದುಬಸ್ತಿನ ತಕರಾರು ತೆಗೆದು ಕೆಲಸ ಮೂರು ವಾರ ನಿಂತಿತು. ತಕರಾರು ಮುಗಿದ ಮೇಲೆ ಮಿಕ್ಕದ್ದನ್ನು ಕೆಂಚೇಶ್ ಎದೆಮಟ್ಟಕ್ಕೆ ಎಬ್ಬಿಸಿದ. ನಿನ್ನೆ ಬಂದು, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರೆ, ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟುಕೊಂಡಿತ್ತು.

"ಉಬ್ಬೈತಲ್ಲೋ ಇದು."

"ಇಲ್ಲ ಭಾವ. ಗುಂಡು ಬಿಟ್ಟೇ ಕಟ್ಟೀನಿ. ಬೇಕಾದ್ರೆ ಈಗ ಬಿಡ್ತೀನಿ, ನೀವೇ ನೋಡ್ರಿ."

"ನನಗಂತೂ ನೆಟ್ಟಗೇ ಕಾಣ್ತೈತಪ್ಪ ಮೇಸ್ತ್ರಿ" ಎಂದಿದ್ದ ಪ್ರಸನ್ನಕುಮಾರ್, ಸ್ಕೂಟರಿನ ಮೇಲೆ ಕೂತುಕೊಂಡೇ. ಆ ಮಾತು ಬರದಿದ್ದರೆ ಏನಾಗುತ್ತಿತ್ತೋ. ಅಡಿಕೆಯ ಅಂದ ನೋಡುವ ಮನುಷ್ಯ ಗೋಡೆಯ ಅಂದ ಹೇಳಿಕೊಡುವಂತಾಯಿತೆ ಎಂದು ಚಿಕ್ಕಹನುಮಂತಪ್ಪನಿಗೆ ಸಿಟ್ಟು ನೆತ್ತಿಗೇರಿತು. ಬೈಯಬೇಕಾದದ್ದು ಮಾಲೀಕನನ್ನು, ಸಿಕ್ಕವನು ಬಾಮೈದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. "ನನ್ನ ಕಣ್ಣಿಗೇ ಗುಂಡು ಬಿಡ್ತೀಯೇನಲೇ?" ಎಂದು ಕೂಗಿದ. "ಕೆಡವು. ಬುಡದಿಂದ ಕೆಡವು." ಕೂಲಿಯವರು ಕೈಯಲ್ಲಿದ್ದ ಬಾಂಡ್ಲಿ ಹಾಗೇ ಹಿಡಿದು ನಿಂತರು. ಕೆಂಚೇಶ್ ಅವನನ್ನೇ ಒಂದು ಗಳಿಗೆ ನೋಡಿದ. ಏನು ನೋಡಿದನೋ, ಆ ಮುಖದ ನಡುವೆಯೂ ಕಲೆ. ಆಮೇಲೆ ಅವನೇ ಹಾರೆ ಎತ್ತಿಕೊಂಡ. ಇನ್ನೊಬ್ಬರಿಗೆ ಕೈ ಹಚ್ಚಗೊಡಲಿಲ್ಲ. ಸಂಜೆಯವರೆಗೂ ತಾನು ಕಟ್ಟಿದ್ದನ್ನು ತಾನೇ ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿದ. ಚಿಕ್ಕಹನುಮಂತಪ್ಪ ಅಲ್ಲಿ ನಿಲ್ಲಲಾರದೆ ಬೇರೆ ಕೆಲಸದ ನೆವ ಹೇಳಿ ಹೊರಟುಹೋಗಿದ್ದ.

ಈಗ ಸೈಟಿಗೆ ಬಂದಾಗ ಅಲ್ಲಿ ಅಂತರಘಟ್ಟಮ್ಮ ಒಬ್ಬಳೇ ಇದ್ದಳು. ಗಾರೆ ಹೊರುವ ಕೆಲಸಕ್ಕೆ ಹನ್ನೆರಡು ವರ್ಷದಿಂದ ಇವರ ಜೊತೆಗಿದ್ದವಳು, ಒಡೆಯದೆ ಉಳಿದ ಇಟ್ಟಿಗೆಗಳನ್ನು ಬಡಿದು ಜೋಡಿಸುತ್ತಿದ್ದಳು.

"ಕೆಂಚೇಶ್ ಎಲ್ಲಿ?"

"ಹೊನ್ನಾಳಿ ರಸ್ತ್ಯಾಗೆ, ಕಲ್ಯಾಣಮಂಟಪದ ಹಿಂದೆ ಬೇರೆ ಕೆಲಸಕ್ಕೆ ಹೋಗ್ಯಾನ್ರಿ. ಗುಂಡು ಅಲ್ಲೇ ಕಂಬದ ಮೊಳೆಗೆ ಹಾಕೀನಿ, ಮೇಸ್ತ್ರಿಗೆ ಹೇಳು ಅಂದ."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಕೊಂಕು ಇಲ್ಲದ್ದೇ ಅವನಿಗೆ ಚುಚ್ಚಿತು. ಅವತ್ತು ನಕ್ಕವಳು ಇವಳೇ ಅಲ್ಲವೆ? ನಕ್ಕಳೋ, ಕೆಮ್ಮಿದಳೋ, ಸೆರಗು ಬಾಯಿಗೆ ಹೋದದ್ದಂತೂ ನಿಜ. ಯುಗಾದಿ ಕಳೆದು ನಾಲ್ಕನೆಯ ದಿನ, ಇದೇ ಗೋಡೆಯ ಪಕ್ಕ, ಇದೇ ಸಿಮೆಂಟು ಚೀಲಗಳ ಮೇಲೆ ಅವನು ಅಂಗಾತ ಮಲಗಿದ್ದ. ಕೆಂಚೇಶ್ ಸೋಪು ಹಚ್ಚಿ ಮೊಳಕೈವರೆಗೆ ಕೈ ತೊಳೆದುಕೊಂಡು ಬಂದು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಸೀಸೆಯ ಮೂತಿ ಕಣ್ಣಿಗೆ ತಗಲದ ಹಾಗೆ ಒಂದೇ ಒಂದು ಹನಿ ಬಿಟ್ಟು, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದಿದ್ದ. ಎಲ್ಲ ಆ ಕಲ್ಪನಾ ಕಲಿಸಿದ ಹಾಗೆಯೇ. ಐದು ನಿಮಿಷ ಕಣ್ಣು ಮುಚ್ಚಿರಬೇಕು. ಮೂರು ನಿಮಿಷವಾಗಿರಬೇಕು, ಸ್ಕೂಟರಿನ ಸದ್ದು ಬಂದು ನಿಂತಿತು. "ಏನ್ ಮೇಸ್ತ್ರಿ, ಬಾಣಂತನ ಇನ್ನಾ ಮುಗೀಲಿಲ್ವಾ?" ಪ್ರಸನ್ನಕುಮಾರ್ ಕೆಟ್ಟವನಲ್ಲ, ಬಾಯಿಗೆ ಬಂದದ್ದನ್ನು ಆಡಿ ಮರೆಯುವ ಜಾತಿ. ಆದರೆ ಸುತ್ತ ಎಲ್ಲರೂ ನಕ್ಕರು. ಕಣ್ಣು ಮುಚ್ಚಿ ಮಲಗಿದ ಮನುಷ್ಯನಿಗೆ ನಗು ಎರಡು ಪಟ್ಟು ಕೇಳುತ್ತದೆ. ಎದ್ದು ಕೂತಾಗ ಅವನಿಗೆ ತಾನು ಮೇಸ್ತ್ರಿಯಲ್ಲ, ಯಾರೋ ಎತ್ತಿ ಮಲಗಿಸಬೇಕಾದ ರೋಗಿ ಅನ್ನಿಸಿ ಮೈಯೆಲ್ಲ ನಾಚಿಕೆಯಾಯಿತು.

ನಾಚಿಕೆ ಹೊಸದೇನೂ ಆಗಿರಲಿಲ್ಲ. ಮೊದಲ ಸಲ ದಾವಣಗೆರೆಗೆ ಹೋದಾಗ ಹೊನ್ನಾಳಿ, ನ್ಯಾಮತಿಯ ಕಡೆಯವರೆಲ್ಲ ತುಂಬಿದ್ದ ವ್ಯಾನಿನಲ್ಲಿ ಇವನೊಬ್ಬನನ್ನು ಆಪರೇಷನ್ ಇಲ್ಲದೆ ವಾಪಸು ಕಳಿಸಿದ್ದರು. "ಸಕ್ಕರೆ ಬಾಳ ಐತಿ, ಇಳಿಸ್ಕೊಂಡು ಬರ್ರಿ" ಎಂದು ಕಲ್ಪನಾ ಹೇಳಿದ್ದು ಮೆಲ್ಲಗೇ; ಆದರೆ ಸಾಲಿನಲ್ಲಿದ್ದ ಮೂವತ್ತು ಜನ ತಿರುಗಿ ನೋಡಿದ ಹಾಗಾಗಿತ್ತು. ಒಂದು ತಿಂಗಳು ಮುದ್ದೆ, ಸೊಪ್ಪು, ಮಾತ್ರೆ. ಎರಡನೇ ಸಲ ಆಪರೇಷನ್ ಆದಾಗ ಪಕ್ಕದ ಮಂಚದಲ್ಲಿ ನ್ಯಾಮತಿಯ ಬೋರಣ್ಣ ಇದ್ದ. ಅವನಿಗೂ ಸೀಸೆ, ಇವನಿಗೂ ಸೀಸೆ. ಅವನಿಗೆ ಒಂದು ತಿಂಗಳು ಹಾಕಿದರೆ ಮುಗಿಯಿತು; ಇವನಿಗೆ ಎರಡು ಸೀಸೆ, ಒಂದು ತಿಂಗಳಿಗೆ ನಿಂತರೂ ಇನ್ನೊಂದನ್ನು ಮೂರು ತಿಂಗಳು, ದಿನಕ್ಕೆ ಮೂರು ಸಲ ಹಾಕಬೇಕು. "ಅವ್ರಿಗೆ ತಿಂಗಳು, ನನಗ್ಯಾಕ್ರಿ ಮೂರು?" ಎಂದು ಕೇಳಿದ್ದ. ಕಲ್ಪನಾ ಮಂಚದ ಅಂಚಿಗೆ ಕೂತು ಕೇಳಿದಳು: "ನೀವು ಮೇಸ್ತ್ರಿ ಅಲ್ವಾ? ಗೋಡೆಗೆ ಹಿಂದಿನಿಂದ ತೇವ ಏರಿದ್ರೆ ಏನಾಗುತ್ತೆ?" "ಉಬ್ಬುತ್ತೆ. ಮುಂದಿನಿಂದ ಎಷ್ಟ್ ಸುಣ್ಣ ಬಳಿದ್ರೂ ನಿಲ್ಲಂಗಿಲ್ಲ." "ಹಂಗೇ. ಕಣ್ಣಿನ ಹಿಂದೊಂದು ಪರದೆ ಐತಿ. ಸಕ್ಕರೆ ಇರೋರಿಗೆ ಆಪರೇಷನ್ ಆದ್ಮೇಲೆ ಅದಕ್ಕೆ ನೀರಿಳಿದು ಊದಿಕೊಳ್ಳೋದು ಜಾಸ್ತಿ. ಊದಿಕೊಳ್ಳದೇ ಇರ್ಲಿ ಅಂತ ಈ ಹನಿ. ಕಾಣ್ತೈತೆ ಅಂತ ಬಿಟ್ಬಿಡಬ್ಯಾಡ್ರಿ. ಮಾತ್ರೆನೂ ಬಿಡಬ್ಯಾಡ್ರಿ. ಆರನೇ ವಾರ ಬಂದು ಪರದೆ ತೋರಿಸಬೇಕು." ಎಷ್ಟು ಚೆನ್ನಾಗಿ ಹೇಳಿದ್ದಳು. ತನ್ನದೇ ಕಸುಬಿನ ಮಾತಿನಲ್ಲಿ ಹೇಳಿದ್ದಳು. ತಿಳಿಯಲಿಲ್ಲ ಅನ್ನಲು ಒಂದು ನೆವವನ್ನೂ ಉಳಿಸಿರಲಿಲ್ಲ.

ನಾಚಿಕೆಯಾದ ಆ ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಾಗ ಅವನು ಗೋಡೆಯ ಹತ್ತಿರ ಬಂದ. ಜೇಬಿನಲ್ಲಿ ಸೀಸೆ ಇತ್ತು, ಹೆಬ್ಬೆರಳಿನಷ್ಟು ಸೀಸೆ. ಬೋರಣ್ಣ ಬಿಟ್ಟಿದ್ದಾನೆ, ಅವನಿಗೇನಾಗಿದೆ? ತನಗೆ ಇರುವೆಯ ಕಾಲು ಕಾಣುತ್ತಿದೆ. ಮೂರನೆಯ ವರಸೆಯಲ್ಲಿ ಎರಡು ಇಟ್ಟಿಗೆಯ ನಡುವಿನ ಸಂದಿಗೆ ಸೀಸೆಯನ್ನು ನಿಲ್ಲಿಸಿ, ಸುತ್ತ ಗಾರೆ ತುಂಬಿ, ಮೇಲೊಂದು ಇಟ್ಟಿಗೆ ಇಟ್ಟು, ಕರಣೆಯ ಹಿಡಿಯಿಂದ ಎರಡು ಸಲ ತಟ್ಟಿದ. ಬಿಸಾಡಬಹುದಿತ್ತು. ಬಿಸಾಡಿದರೆ ಯಾರಾದರೂ ಎತ್ತಿ ತಂದುಕೊಡುತ್ತಾರೆ, ಹೆಚ್ಚಾಗಿ ಕೆಂಚೇಶನೇ. ಗೋಡೆಗೆ ಹೋದದ್ದು ವಾಪಸು ಬರುವುದಿಲ್ಲ. ಮನೆಯಲ್ಲಿ ಗಾದ್ರಮ್ಮನಿಗೆ, ಇನ್ನು ಮೇಲೆ ಮಧ್ಯಾಹ್ನ ಒಂದೇ ಸಲವಂತೆ, ಕೆಂಚ ಹಾಕುತ್ತಾನೆ ಎಂದ. ಕೆಂಚೇಶನಿಗೆ, ಡಾಕ್ಟರಿಗೆ ಫೋನು ಮಾಡಿದ್ದೆ, ಸಾಕಂತೆ ಎಂದ. ಅಕ್ಕ ತಮ್ಮಂದಿರಿಬ್ಬರೂ ನಂಬಿದರು. ಅವನ ಮಾತನ್ನು ನಂಬದೆ ಇದ್ದು ಅವರಿಗೆ ರೂಢಿಯೇ ಇರಲಿಲ್ಲ. ಆರನೇ ವಾರ ಕಲ್ಪನಾ ಎರಡು ಸಲ ಫೋನು ಮಾಡಿದಳು. ಸಾರುವೆಯ ಗಳದ ಮೇಲೆ ನಿಂತಿದ್ದೇನೆ, ಬರುತ್ತೇನೆ ಎಂದು ಇಟ್ಟುಬಿಟ್ಟ. ಅವನು ಆಗ ನೆಲದ ಮೇಲೇ ಇದ್ದ. ಹೋದರೆ ಮತ್ತೆ ಬೆರಳು ಚುಚ್ಚುತ್ತಾರೆ, ಮತ್ತೆ ಸಕ್ಕರೆಯ ಮಾತು ತೆಗೆಯುತ್ತಾರೆ, ಮತ್ತೆ ಮೂವತ್ತು ಜನ ತಿರುಗಿ ನೋಡುತ್ತಾರೆ. ಪರದೆಗಿಂತ ಹೆಚ್ಚಾಗಿ ಅವನಿಗೆ ಆ ಮೂವತ್ತು ಕುತ್ತಿಗೆಗಳ ಭಯ.

ಇಟ್ಟಿಗೆ ಬಡಿಯುವ ಸದ್ದು ನಿಂತಿತು. ಅಂತರಘಟ್ಟಮ್ಮ ನೀರು ಕುಡಿಯಲು ಹೋಗಿದ್ದಳು. ಬುಡದಿಂದ ಎಂದು ಕೂಗಿದ್ದರೂ ಕೆಂಚೇಶ್ ಎರಡು ವರಸೆಯನ್ನು ಉಳಿಸಿದ್ದ. ಭಾವ ಇಟ್ಟ ನಾಲ್ಕರಲ್ಲಿ ಎರಡಾದರೂ ಉಳಿಯಲಿ ಎಂದುಕೊಂಡನೋ, ಮೂರನೆಯದಕ್ಕೇ ಕೈ ನಿಂತಿತೋ ಏನೋ. ಮೂರನೆಯದು ಹೋಗಿತ್ತು. ಚಿಕ್ಕಹನುಮಂತಪ್ಪ ಕುಕ್ಕರಗಾಲಿನಲ್ಲಿ ಕೂತು ಉಳಿದ ಗಾರೆಯ ಮೇಲೆ ಕೈಯಾಡಿಸಿದ. ಮೂಲೆಯಿಂದ ಮೂರು ಮೊಳ. ಅಲ್ಲಿ ಒಂದು ಗುಳಿ ಇತ್ತು. ಹೆಬ್ಬೆರಳು ಸರಿಯಾಗಿ ಕೂರುವಷ್ಟು ದುಂಡಗಿನ ಗುಳಿ. ನೋಡಿದರೆ ಕಲೆಯಾಗುತ್ತಿತ್ತು, ಮುಟ್ಟಿದರೆ ತಿಳಿಯುತ್ತಿತ್ತು: ಗಟ್ಟಿಯಾದ ಸಿಮೆಂಟಿನಲ್ಲಿ ಸೀಸೆಯ ತಳ ಅಚ್ಚಾಗಿ ಮೂಡಿತ್ತು. ಸೀಸೆ ಇರಲಿಲ್ಲ.

ಅವನು ಬಹಳ ಹೊತ್ತು ಬೆರಳನ್ನು ಆ ಗುಳಿಯಲ್ಲೇ ಇಟ್ಟುಕೊಂಡು ಕೂತ. ಹಾಗಾದರೆ ನಿನ್ನೆ ಸಂಜೆ ಇಲ್ಲಿ ಹಾರೆ ಹಾಕಿದವನ ಕೈಗೆ ಅದು ಸಿಕ್ಕಿದೆ. ಅವನು ಅದನ್ನು ತಿರುಗಿಸಿ ನೋಡಿದ್ದಾನೆ, ಅರ್ಧ ಮುಗಿದಿರುವುದನ್ನು ನೋಡಿದ್ದಾನೆ, ತಿಂಗಳಿಡೀ ತಾನು ಕೈ ತೊಳೆದದ್ದನ್ನು ನೆನೆದಿದ್ದಾನೆ, ಆಮೇಲೆ ತನ್ನ ಗೋಡೆ ಯಾಕೆ ಉಬ್ಬಿತು ಎಂಬುದೂ ಅವನಿಗೆ ತಿಳಿದಿದೆ. ತಿಳಿದೂ ಸುಮ್ಮನೆ ಹೋಗಿದ್ದಾನೆ. ಬೈದು ಹೋಗಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಚಿಕ್ಕಹನುಮಂತಪ್ಪನಿಗೆ ಅಳು ಬಂದಂತಾಯಿತು. ಬಿಸಿಲಿಗೆ ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆದರೂ ಒಳಗೆ ಒಬ್ಬ ಹಟಮಾರಿ ಇನ್ನೂ ಕೂತಿದ್ದ. ಸೀಸೆಯ ವಿಷಯ ಬೇರೆ, ಗೋಡೆಯ ವಿಷಯ ಬೇರೆ. ಗೋಡೆ ಉಬ್ಬಿದ್ದು ನಿಜವೇ ಇರಬಹುದು. ಕೆಂಚನಿಗೂ ವಯಸ್ಸಾಗುತ್ತಿದೆ, ಕೈ ತಪ್ಪಿರಬಹುದು. ಆ ಹಟಮಾರಿಯೇ ಅವನನ್ನು ಎಬ್ಬಿಸಿ ಗೇಟಿನ ಕಂಬದ ಹತ್ತಿರ ಕರೆದೊಯ್ದ.

ಗುಂಡು ಮೊಳೆಗೆ ನೇತಾಡುತ್ತಿತ್ತು. ಹದಿನೈದು ವರ್ಷದಲ್ಲಿ ಅವನು ಅದನ್ನು ಬೇರೆಯವರ ಎದುರು ಕೈಗೆ ತೆಗೆದುಕೊಂಡದ್ದೇ ಇಲ್ಲ. ದಾರದ ತಲೆಯನ್ನು ಸಾರುವೆಯ ಅಡ್ಡಗಳಕ್ಕೆ ಕಟ್ಟಿ ಇಳಿಬಿಟ್ಟ. ಗುಂಡು ಅತ್ತ ಇತ್ತ ತೂಗಿತು, ಸಣ್ಣ ಸಣ್ಣ ಸುತ್ತು ಸುತ್ತಿತು, ನಿಂತಿತು. ಗಾಳಿ ಇರಲಿಲ್ಲ. ಅವನು ಹತ್ತು ಹೆಜ್ಜೆ ಹಿಂದೆ ಸರಿದ. ಕೆಂಚೇಶ್ ಕೆಲಸಕ್ಕೆ ಬಂದ ಮೊದಲ ವರ್ಷ ಅವನಿಗೆ ಇದೇ ಗುಂಡನ್ನು ತೋರಿಸಿ ಹೇಳಿದ್ದ: "ನೋಡು, ಮನುಷ್ಯ ಸುಳ್ಳಾಡ್ತಾನೆ, ಇಟ್ಟಿಗೆ ಸುಳ್ಳಾಡ್ತೈತೆ, ಈ ದಾರ ಮಾತ್ರ ಆಡಂಗಿಲ್ಲ. ಇದನ್ನ ಕೆಳಗೆ ಎಳೀತಿರೋಳು ಭೂಮ್ತಾಯಿ." ಕಣ್ಣೆತ್ತಿ ದಾರವನ್ನು ನೋಡಿದ.

ದಾರ ಬಾಗಿತ್ತು.

ಮೇಲೆ ನೆಟ್ಟಗೆ, ಕೆಳಗೆ ನೆಟ್ಟಗೆ, ನಡುವೆ ಆ ಉಬ್ಬು. ದೃಷ್ಟಿಯನ್ನು ಕೆಳಗೆ ಸರಿಸಿದ, ಉಬ್ಬು ಕೆಳಗೆ ಸರಿಯಿತು. ಮೇಲೆತ್ತಿದ, ಮೇಲೆ ಬಂತು. ಎಲ್ಲಿ ನೋಡಿದರೆ ಅಲ್ಲಿ. ಹತ್ತಿರ ಹೋಗಿ ಎರಡು ಬೆರಳಿನ ನಡುವೆ ದಾರವನ್ನು ಹಿಡಿದ; ಬಿಗಿಯಾಗಿತ್ತು, ಕಡ್ಡಿಯ ಹಾಗೆ ನೆಟ್ಟಗಿತ್ತು. ಗೇಟಿನಲ್ಲಿ ಸ್ಕೂಟರು ನಿಂತಿತು. "ಏನ್ ಮೇಸ್ತ್ರಿ, ನೀವೇ ಗುಂಡು ಹಿಡ್ದೀರಿ ಇವತ್ತು! ಎಷ್ಟ್ ವರಸೆ ಏಳ್ತೈತೆ?" ಪ್ರಸನ್ನಕುಮಾರನ ಬಿಳಿ ಅಂಗಿ ಇತ್ತು, ಕೈಗಡಿಯಾರದ ಹೊಳಪಿತ್ತು, ಮುಖವಿರಬೇಕಾದಲ್ಲಿ ಏನೂ ಇರಲಿಲ್ಲ. ಅವನು ನಗುತ್ತಿದ್ದಾನೋ ಇಲ್ಲವೋ ತಿಳಿಯುವ ಬಗೆಯೇ ಇರಲಿಲ್ಲ. "ಕೆಂಚೇಶ್ ಬಂದ್ಮೇಲ್ರಿ" ಎಂದಷ್ಟೇ ಹೇಳಿ, ದಾರವನ್ನು ಬಿಚ್ಚದೆ, ಅವನ ಪಕ್ಕದಿಂದಲೇ ರಸ್ತೆಗಿಳಿದ.

ಹೊನ್ನಾಳಿ ರಸ್ತೆಗೆ ಒಂದೂವರೆ ಮೈಲಿ. ಆಟೋಗೆ ಕೈ ಮಾಡಬಹುದಿತ್ತು, ಎದುರಿನಿಂದ ಬರುವುದು ಆಟೋ ಹೌದೋ ಅಲ್ಲವೋ ಎಂದು ಗುರುತಿಸುವ ಹೊತ್ತಿಗೆ ಅದು ದಾಟಿಹೋಗುತ್ತಿತ್ತು. ನಡೆದ. ಹೋಗಿ ಏನು ಹೇಳುವುದು? ತಪ್ಪಾಯಿತು ಎನ್ನುವುದು ಸುಲಭ. ಆ ಮಾತನ್ನು ಹೇಳಿ ಅವನಿಗೆ ಅಭ್ಯಾಸವಿಲ್ಲ, ಕೇಳಿ ಕೆಂಚೇಶನಿಗೆ ಅಭ್ಯಾಸವಿಲ್ಲ. ಬಾ ಎಂದು ಕರೆಯುವುದಾದರೂ ಯಾವ ಮುಖದಿಂದ, ಮತ್ತೆ ಬೆನ್ನ ಹಿಂದೆ ನಿಂತು ಪಿಸುಗುಟ್ಟು ಎಂದೇ? ಕಣ್ಣಿಲ್ಲದ ಮೇಸ್ತ್ರಿ ಅಂದರೆ ಏನು, ಹಲ್ಲಿಲ್ಲದ ನಾಯಿಗೆ ಹಟ್ಟಿ ಕಾಯಲು ಹೇಳಿದಂತೆ. ಅರವತ್ತೆರಡು ವರ್ಷ. ಬೇರೆ ಕಸುಬು ಬಾರದು. ಎಡಗಣ್ಣಿನ ಆಪರೇಷನ್ನಿಗೆ ಮಳೆಗಾಲ ಕಳೆದು ಬನ್ನಿ ಎಂದಿದ್ದರು. ಅದನ್ನೂ ಹೀಗೇ ಕಳೆದುಕೊಂಡರೆ? ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡರು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು, ಒಂದು ಹನಿಯಲ್ಲಿ ನಿಲ್ಲುತ್ತಿದ್ದುದನ್ನು ಎಲ್ಲಿಗೆ ತಂದು ನಿಲ್ಲಿಸಿದ್ದ.

ಕಲ್ಯಾಣಮಂಟಪದ ಹಿಂದಿನ ಕಟ್ಟಡದಲ್ಲಿ ಸಾರುವೆಯ ಮೇಲೆ ಮೂವರಿದ್ದರು. ನೇರ ನೋಡಿದರೆ ಮೂವರಿಗೂ ತಲೆ ಇರಲಿಲ್ಲ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಅಂಚಿನಲ್ಲಿ ಮನುಷ್ಯರ ಆಕಾರ ಮೂಡುತ್ತಿತ್ತು, ಯಾರೆಂದು ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದ. ಕರಣೆಗಳ ಸದ್ದು. ಅದರಲ್ಲಿ ಒಂದು ಇಟ್ಟಿಗೆಯ ತಲೆಗೆ ಎರಡು ಸಲ ತಟ್ಟಿ, ಗಾರೆ ಬಳಿದು, ಆಮೇಲೆ ಮತ್ತೊಂದು ಸಲ ತಟ್ಟುತ್ತಿತ್ತು. ತಾನೇ ಕಲಿಸಿದ್ದು. "ಕೆಂಚಾ" ಎಂದ. ದನಿ ಅಷ್ಟು ಸಣ್ಣಗೆ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆದರೂ ಆ ಒಂದು ಕರಣೆ ನಿಂತಿತು.

ಕೆಂಚೇಶ್ ಇಳಿದು ಬಂದ. ಹತ್ತಿರ ಬರಲಿಲ್ಲ, ನೀರಿನ ಡ್ರಮ್ಮಿನ ಕಡೆ ಹೋದ. ಚಿಕ್ಕಹನುಮಂತಪ್ಪ ಬಿಸಿಲಿನಲ್ಲಿ ನಿಂತೇ ಇದ್ದ. ನೀರಿನ ಸದ್ದು ಬಹಳ ಹೊತ್ತು ಬಂತು. ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಸೋಪಿನ ವಾಸನೆ ಬಂತು. ಮಧ್ಯಾಹ್ನವಾಗಿತ್ತು.

"ಮಲಗ್ರಿ ಭಾವ" ಎಂದ ಕೆಂಚೇಶ್. ಒದ್ದೆ ಕೈಯನ್ನು ಎಲ್ಲಿಗೂ ತಗಲಿಸದೆ ಮೇಲೆತ್ತಿ ಹಿಡಿದಿದ್ದ. "ಜೇಬಿನಾಗ ಐತೆ, ಡಬ್ಬಿ ನೀವೇ ತೆಗೀರಿ. ಹೊಸಾದು."

"ಹೊಸಾದಾ?"

"ಅದು ಕೆಟ್ಟಿರುತ್ತಲ್ಲ, ಮುಚ್ಚಳ ಬಿಚ್ಚಿ ತಿಂಗಳ ಮೇಲಾತು. ಮೆಡಿಕಲ್‌ನೋರಿಗೆ ತೋರಿಸಿ ಅದೇ ತಂದೆ. ಆಸ್ಪತ್ರೆ ಮೇಡಮ್ಮಗೂ ಫೋನ್ ಹಚ್ಚಿದ್ದೆ. ನಾಳೆ ಬೆಳಿಗ್ಗೆ ಮೊದ್ಲ ಬಸ್ಸಿಗೆ ಕರ್ಕೊಂಡು ಬಾ ಅಂದ್ರು. ಪರದೆ ನೋಡಬೇಕಂತೆ. ಅಲ್ಲೀಮಟ ಇದನ್ನ ಹಾಕು, ಆದ್ರೆ ಈಗ ಹನಿ ಒಂದ್ರಿಂದಲೇ ಇಳೀತೈತೋ ಇಲ್ವೋ ಹೇಳಾಕೆ ಬರಂಗಿಲ್ಲ, ಕಣ್ಣಿಗೆ ಸೂಜಿ ಬೇಕಾಗಬಹುದು ಅಂದ್ರು."

"ಬೈದ್ರಾ?"

"ಇಲ್ಲ. ಯಾಕೆ ಬಿಟ್ರು ಅಂತ ಕೇಳಿದ್ರು."

"ಏನಂದಿ?"

"ಕೆಲಸದ ಗಡಿಬಿಡಿ ಅಂದೆ."

ಚಿಕ್ಕಹನುಮಂತಪ್ಪ ಸಿಮೆಂಟು ಚೀಲಗಳನ್ನು ತಡವಿಕೊಂಡು ಹೋಗಿ ಮಲಗಿದ. ಗುರುತಿಲ್ಲದ ಮೇಸ್ತ್ರಿಯ ಕೆಲಸ, ಗುರುತಿಲ್ಲದ ಕೂಲಿಯವರು. ಸಾರುವೆಯ ಮೇಲಿನಿಂದ ಯಾರೋ ಏನೋ ಅಂದರು, ಇನ್ನೊಬ್ಬರು ನಕ್ಕರು. ನಗಲಿ ಎಂದು ಅವನಿಗೆ ಅನ್ನಿಸಲಿಲ್ಲ. ಅವತ್ತಿನಷ್ಟೇ ನಾಚಿಕೆಯಾಯಿತು, ಮೈಯೆಲ್ಲ ಬೆವರಿತು. ಆದರೆ ಏಳಲಿಲ್ಲ. ತಲೆಯ ಮೇಲಿನ ಗಳ ಆಕಾಶಕ್ಕೆ ಅಡ್ಡವಾಗಿ ಬಾಗಿಕೊಂಡಿತ್ತು. ಒದ್ದೆ ಬೆರಳು ಕೆಳರೆಪ್ಪೆಯನ್ನು ಎಳೆಯಿತು. ಹನಿ ತಣ್ಣಗೆ ಬಿತ್ತು.

"ಕೆಂಚ, ಗೋಡೆ ನೆಟ್ಟಗಿತ್ತು."

"ಗೊತ್ತು ಭಾವ. ಕಣ್ ಮುಚ್ರಿ."

ಮುಚ್ಚಿದ. ಮೂಗಿನ ಬದಿಯ ಮೂಲೆಯನ್ನು ಬೆರಳು ಒತ್ತಿ ಹಿಡಿಯಿತು.

"ಗೊತ್ತಿದ್ದೂ ಯಾಕೆ ಕೆಡವ್ದೆ?"

ಮೇಲೆ ಕರಣೆಗಳು ಮತ್ತೆ ಸದ್ದು ಮಾಡತೊಡಗಿದವು.

"ನೀವು ಕೆಡವು ಅಂದ್ರಲ್ಲ" ಎಂದ ಕೆಂಚೇಶ್.

ಮುಚ್ಚಿದ ರೆಪ್ಪೆಯ ಹಿಂದೆ ಬಿಸಿಲು ಕೆಂಪಗೆ ಸಮನಾಗಿ ಹರಡಿತ್ತು. ಅಲ್ಲಿ ಗೆರೆಯಿರಲಿಲ್ಲ, ಬಾಗು ಇರಲಿಲ್ಲ. ನಾಳೆಯ ಬಸ್ಸು, ಸಾಲಿನ ಜನ, ಬೆರಳಿಗೆ ಚುಚ್ಚುವ ಸೂಜಿ, ಕಣ್ಣಿಗೆ ಚುಚ್ಚುವ ಸೂಜಿ, ಅದಾದ ಮೇಲೂ ದಾರ ನೆಟ್ಟಗಾಗುತ್ತದೋ ಇಲ್ಲವೋ ಹೇಳಲಾರದ ಡಾಕ್ಟರು, ಎಲ್ಲ ರೆಪ್ಪೆಯ ಆಚೆ ಕಾದಿದ್ದವು. ಮೂಲೆಯನ್ನು ಒತ್ತಿದ್ದ ಬೆರಳು ಸಡಿಲಾಯಿತು.

"ಐದು ನಿಮಿಷ ಆತು ಭಾವ. ಬಿಡ್ರಿ ಕಣ್ಣು."

ಚಿಕ್ಕಹನುಮಂತಪ್ಪ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಇನ್ನೊಂದೆರಡು ನಿಮಿಷ ಇರ್ಲಿ ಕಣೋ" ಎಂದ.